ಆಪರೇಶನ್‌ಗೆ ಮುಂಚೆ ಚರ್ಮಕ್ಕೆ ಏನು ಹಚ್ಚಬೇಕು, ಎಷ್ಟು ಹೊತ್ತು ಕಾಯಬೇಕು

ಹೋದ ಬೇಸಿಗೆಯಲ್ಲಿ ಕಾರಟಗಿಯಿಂದ ನನ್ನ ಚಿಗವ್ವನ ಮಗಳು ಫೋನ್ ಮಾಡಿದಳು. ಅವಳ ಗಂಡನಿಗೆ ಹರ್ನಿಯಾ ಆಪರೇಶನ್ ಇತ್ತು. "ಅಕ್ಕ, ಇಲ್ಲಿ ಹೊಟ್ಟೆಗೆ ಆ ಕಂದು ಔಷಧಿ ಹಚ್ತಾರಂತ. ನಮ್ಮ ಭಾವಗ ಹುಬ್ಬಳ್ಳಿಯಾಗ ಗುಲಾಬಿ ಬಣ್ಣದ್ದು ಹಚ್ಚಿದ್ರಂತ. ಯಾವುದು ಚಲೋ? ನಾವೇ ಮೆಡಿಕಲ್ ಶಾಪಿನಿಂದ ತಂದು ಕೊಡಬೇಕೇನು?"

ನಾನು ಗಂಗಾವತಿಯಲ್ಲಿ 29 ವರ್ಷ ಓಟಿ (ಆಪರೇಶನ್ ಥಿಯೇಟರ್) ಸಿಸ್ಟರ್ ಆಗಿದ್ದೆ. ಈ ಪ್ರಶ್ನೆಯನ್ನು ರೋಗಿಯ ಕಡೆಯವರು ನೂರಾರು ಸಲ ಕೇಳಿದ್ದಾರೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರೂ ಕೇಳಿದ್ದಾರೆ. ಅವರಿಬ್ಬರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಬಾಟಲಿಯ ಬಣ್ಣ ನೋಡಬೇಡಿ. ಅದರಲ್ಲಿ ಸ್ಪಿರಿಟ್, ಅಂದರೆ ಆಲ್ಕೊಹಾಲ್, ಇದೆಯಾ ನೋಡಿ. ಹಚ್ಚಿದ ಮೇಲೆ ಒಣಗಲು ಬಿಟ್ಟರಾ ನೋಡಿ. ನನ್ನ ಅನುಭವದಲ್ಲಿ ಜಾಸ್ತಿ ತಪ್ಪು ಆಗುವುದು ಈ ಎರಡನೆಯದರಲ್ಲಿ.

ಮೊದಲು ಬಾಟಲಿಗಳ ಪರಿಚಯ

ಕಂದು ಬಣ್ಣದ್ದು ಪೊವಿಡೋನ್ ಅಯೋಡಿನ್. ಬೆಟಾಡಿನ್ ಅಂತ ಎಲ್ಲರೂ ಕರೆಯುತ್ತಾರೆ. ನಮ್ಮ ಕಡೆ ಸಿಗುವುದು ಹೆಚ್ಚಾಗಿ ನೀರಿನಲ್ಲಿ ಮಾಡಿದ್ದು, ಶೇ. 5 ಅಥವಾ ಶೇ. 10. ಶೇ. 10 ಅಂದರೆ ಅದರಲ್ಲಿ ಕೆಲಸ ಮಾಡುವ ಅಯೋಡಿನ್ ಶೇ. 1 ಮಾತ್ರ. ಉಳಿದದ್ದು ಅಯೋಡಿನನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವ ವಸ್ತು. ಹಿಂದಿನ ಕಾಲದ ಟಿಂಚರ್ ಅಯೋಡಿನ್ ಚರ್ಮವನ್ನು ಸುಡುತ್ತಿತ್ತು, ನೆನಪಿದೆಯಾ? ಇದು ಹಾಗೆ ಉರಿಯದೇ ಇರುವುದಕ್ಕೆ ಇದೇ ಕಾರಣ. ಆದರೆ ನಿಧಾನವಾಗಿ ಬಿಡುತ್ತದೆ ಅಂದ ಮೇಲೆ ಅದಕ್ಕೆ ಸಮಯ ಕೊಡಲೇಬೇಕು. ರಕ್ತ, ಕೀವು, ಮಣ್ಣು ಇದ್ದ ಕಡೆ ಇದರ ಶಕ್ತಿ ಕುಗ್ಗುತ್ತದೆ.

ಇದರ ಜೊತೆಗೆ ಬೆಟಾಡಿನ್ ಸ್ಕ್ರಬ್ ಅಂತ ಇನ್ನೊಂದು ಬಾಟಲಿ ಬರುತ್ತದೆ, ಶೇ. 7.5. ಅದರಲ್ಲಿ ಸೋಪಿನ ಅಂಶ ಇದೆ. ತೊಳೆಯುವುದಕ್ಕೆ ಮಾತ್ರ ಅದು. ಹಚ್ಚಿ ಹಾಗೇ ಬಿಡುವಂತಿಲ್ಲ. ಎರಡೂ ಬಾಟಲಿ ಒಂದೇ ಥರ ಕಾಣುತ್ತವೆ. ಅವಸರದಲ್ಲಿ ಅದಲು ಬದಲಾಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಗುಲಾಬಿಯೋ, ಹಸಿರೋ, ಕೇಸರಿಯೋ ಕಾಣುವುದು ಕ್ಲೋರ್‌ಹೆಕ್ಸಿಡಿನ್. ಅದಕ್ಕೆ ಸ್ವಂತ ಬಣ್ಣ ಇಲ್ಲ. ಹಚ್ಚಿದ ಜಾಗ ಕಾಣಲಿ ಅಂತ ಬಣ್ಣ ಸೇರಿಸುತ್ತಾರೆ. ಓಟಿಯಲ್ಲಿ ಚರ್ಮಕ್ಕೆ ಹಚ್ಚಲು ಬೇಕಾದದ್ದು ಶೇ. 2 ಕ್ಲೋರ್‌ಹೆಕ್ಸಿಡಿನ್, ಶೇ. 70 ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಕರಗಿಸಿದ್ದು. ಆಲ್ಕೊಹಾಲ್ ತಕ್ಷಣ ಕೀಟಾಣು ಕೊಲ್ಲುತ್ತದೆ, ಆಮೇಲೆ ಹಾರಿ ಹೋಗುತ್ತದೆ. ಕ್ಲೋರ್‌ಹೆಕ್ಸಿಡಿನ್ ಚರ್ಮಕ್ಕೆ ಅಂಟಿಕೊಂಡು ಗಂಟೆಗಟ್ಟಲೆ ಕಾಯುತ್ತದೆ. ಇವೆರಡರ ಜೋಡಿಯೇ ಅದರ ಬಲ.

ಸ್ಯಾವ್ಲಾನ್‌ನಲ್ಲೂ ಕ್ಲೋರ್‌ಹೆಕ್ಸಿಡಿನ್ ಇದೆ, ಸೆಟ್ರಿಮೈಡ್ ಜೊತೆಗೆ. ಆದರೆ ಅದು ತುಂಬಾ ಕಡಿಮೆ ಪ್ರಮಾಣ, ಮೇಲೆ ನೀರು ಬೆರೆಸಿ ಬಳಸುವಂಥದ್ದು. ಡೆಟಾಲ್ ಬೇರೆಯೇ ಔಷಧಿ, ಕ್ಲೋರೊಕ್ಸಿಲೆನಾಲ್. ಇವೆರಡೂ ಆಪರೇಶನ್ ಜಾಗಕ್ಕೆ ಕೊನೆಯದಾಗಿ ಹಚ್ಚುವ ಔಷಧಿಗಳಲ್ಲ.

ಯಾವುದು ಹೆಚ್ಚು? ಲೆಕ್ಕ ಹೀಗಿದೆ

ನಾನು ಕೆಲಸ ಕಲಿತದ್ದು ಬೆಟಾಡಿನ್ ಕಾಲದಲ್ಲಿ. 2010ರಲ್ಲಿ ಅಮೆರಿಕದ 6 ಆಸ್ಪತ್ರೆಗಳಲ್ಲಿ 849 ರೋಗಿಗಳ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಸ್ಪಿರಿಟ್ ಇರುವ ಕ್ಲೋರ್‌ಹೆಕ್ಸಿಡಿನ್ ಹಚ್ಚಿದವರಲ್ಲಿ ಶೇ. 9.5 ಮಂದಿಗೆ ಗಾಯ ನಂಜಾಯಿತು. ಪೊವಿಡೋನ್ ಅಯೋಡಿನ್ ಹಚ್ಚಿದವರಲ್ಲಿ ಶೇ. 16.1. ಇಷ್ಟು ದೊಡ್ಡ ವ್ಯತ್ಯಾಸ ನೋಡಿ ಎಲ್ಲರೂ ಬೆಟಾಡಿನ್ ಬಿಡಬೇಕು ಅಂದರು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೂಡ ಸ್ಪಿರಿಟ್ ಇರುವ ಕ್ಲೋರ್‌ಹೆಕ್ಸಿಡಿನನ್ನೇ ಬಳಸಿ ಅಂತ ಸಲಹೆ ಕೊಟ್ಟಿತು.

ಆದರೆ ಆ 2010ರ ಹೋಲಿಕೆಯಲ್ಲಿ ಒಂದು ಕಡೆ ಎರಡು ಔಷಧಿ ಇದ್ದವು, ಇನ್ನೊಂದು ಕಡೆ ಒಂದೇ. ಕ್ಲೋರ್‌ಹೆಕ್ಸಿಡಿನ್ ಜೊತೆ ಸ್ಪಿರಿಟ್ ಇತ್ತು. ಅಯೋಡಿನ್ ಬರೀ ನೀರಿನಲ್ಲಿತ್ತು. ಗೆದ್ದದ್ದು ಕ್ಲೋರ್‌ಹೆಕ್ಸಿಡಿನ್ನೋ ಸ್ಪಿರಿಟ್ಟೋ? ಇದನ್ನು ಕೇಳದೆ ಬಿಟ್ಟರೆ ಹೇಗೆ?

ಎರಡೂ ಕಡೆ ಸ್ಪಿರಿಟ್ ಹಾಕಿ ನೋಡಿದವರು ಸಿಕ್ಕರು. ಸ್ವಿಟ್ಜರ್‌ಲೆಂಡ್‌ನಲ್ಲಿ ಹೃದಯ ಮತ್ತು ಹೊಟ್ಟೆಯ ಆಪರೇಶನ್ ಆದ 3,360 ಜನರ ಮೇಲೆ ನಡೆದ ಅಧ್ಯಯನ 2024ರಲ್ಲಿ ಬಂತು. ಗಾಯ ನಂಜಾದದ್ದು ಅಯೋಡಿನ್ ಗುಂಪಿನಲ್ಲಿ ಶೇ. 5.1, ಕ್ಲೋರ್‌ಹೆಕ್ಸಿಡಿನ್ ಗುಂಪಿನಲ್ಲಿ ಶೇ. 5.5. ಅಂದರೆ ಸಮ. ಅದೇ ವರ್ಷ ಅಮೆರಿಕ, ಕೆನಡಾದಲ್ಲಿ ಎಲುಬು ಮುರಿದವರ ಮೇಲೆ ಇನ್ನೊಂದು ದೊಡ್ಡ ಅಧ್ಯಯನ ಬಂತು. ಅಲ್ಲೂ ಎರಡೂ ಸ್ಪಿರಿಟ್‌ನಲ್ಲೇ. ಚರ್ಮ ಹರಿಯದ ಮುರಿತಗಳಲ್ಲಿ ಅಯೋಡಿನ್ ಕಡೆ ಶೇ. 2.4, ಕ್ಲೋರ್‌ಹೆಕ್ಸಿಡಿನ್ ಕಡೆ ಶೇ. 3.3. ಇಲ್ಲಿ ಅಯೋಡಿನ್ ಸ್ವಲ್ಪ ಮುಂದೆ. ಸಿಸೇರಿಯನ್‌ನಲ್ಲಿ ಮಾತ್ರ ತಿರುಗಮುರುಗ. 2016ರಲ್ಲಿ 1,147 ತಾಯಂದಿರ ಮೇಲೆ ನೋಡಿದಾಗ, ಎರಡರಲ್ಲೂ ಸ್ಪಿರಿಟ್ ಇದ್ದರೂ ಕ್ಲೋರ್‌ಹೆಕ್ಸಿಡಿನ್ ಶೇ. 4.0, ಅಯೋಡಿನ್ ಶೇ. 7.3 ಬಂತು.

ನಮ್ಮಂಥ ಊರಿಗೆ ಹತ್ತಿರದ ಅಧ್ಯಯನ ಇನ್ನೊಂದಿದೆ. ಭಾರತ, ಘಾನಾ, ನೈಜೀರಿಯಾ, ರುವಾಂಡಾ ಸೇರಿ 7 ದೇಶಗಳಲ್ಲಿ 5,788 ಜನರ ಹೊಟ್ಟೆಯ ಆಪರೇಶನ್‌ಗಳನ್ನು ನೋಡಿದರು. 2021ರಲ್ಲಿ ಫಲಿತಾಂಶ ಬಂತು. ಸ್ಪಿರಿಟ್ ಇರುವ ಶೇ. 2 ಕ್ಲೋರ್‌ಹೆಕ್ಸಿಡಿನ್ ಒಂದು ಕಡೆ, ನೀರಿನ ಶೇ. 10 ಬೆಟಾಡಿನ್ ಇನ್ನೊಂದು ಕಡೆ. ದುಬಾರಿಯಾದ ಕ್ಲೋರ್‌ಹೆಕ್ಸಿಡಿನ್ ಬೆಟಾಡಿನ್‌ಗಿಂತ ಹೆಚ್ಚು ಅಂತ ತೋರಿಸಲು ಆಗಲಿಲ್ಲ.

ಇಷ್ಟೆಲ್ಲ ಓದಿ ನಾನು ಬಂದ ತೀರ್ಮಾನ ಇದು. ಚರ್ಮ ಹರಿಯದೆ ಇದ್ದರೆ ಸ್ಪಿರಿಟ್ ಇರುವ ಔಷಧಿ ಇರಲಿ. ಸಿಸೇರಿಯನ್‌ಗೆ ಕ್ಲೋರ್‌ಹೆಕ್ಸಿಡಿನ್ ಇದ್ದರೆ ಅದನ್ನೇ ಕೇಳುತ್ತೇನೆ. ಸಣ್ಣ ಆಸ್ಪತ್ರೆಯಲ್ಲಿ ನೀರಿನ ಬೆಟಾಡಿನ್ ಮಾತ್ರ ಇದೆ ಅಂದರೆ ರೋಗಿಯ ಕಡೆಯವರು ಹೆದರಬೇಕಿಲ್ಲ. ಅದನ್ನು ಸರಿಯಾಗಿ ಹಚ್ಚಿದರೆ ಸಾಕು. ತಂಗಿಗೆ ನಾನು ಹೇಳಿದ್ದೂ ಇದನ್ನೇ. "ನೀನೇನೂ ತರಬೇಡ. ರಾತ್ರಿ ಅವನಿಗೆ ಸೋಪು ಹಚ್ಚಿ ಸ್ನಾನ ಮಾಡಿಸು" ಅಂದೆ.

ಮನೆಯಲ್ಲಿ ಮಾಡಬೇಕಾದದ್ದು

ಹಿಂದಿನ ರಾತ್ರಿ ಒಂದು ಸ್ನಾನ, ಬೆಳಿಗ್ಗೆ ಇನ್ನೊಂದು. ಮಾಮೂಲಿ ಸೋಪು ಸಾಕು. ಡಾಕ್ಟರ್ ಕ್ಲೋರ್‌ಹೆಕ್ಸಿಡಿನ್ ಸೋಪು ಬರೆದುಕೊಟ್ಟರೆ ಅದನ್ನು ಬಳಸಿ. ಎಣ್ಣೆ ಸ್ನಾನ ಬೇಡ. ಅರಿಶಿನ ಬೇಡ, ಪೌಡರ್ ಬೇಡ. ನಮ್ಮ ಹೆಣ್ಣುಮಕ್ಕಳು ಆಪರೇಶನ್ ದಿನ ಒಳ್ಳೇದಾಗಲಿ ಅಂತ ಅರಿಶಿನ ಹಚ್ಚಿಕೊಂಡು ಬರುತ್ತಾರೆ. ಅವರ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೆ ಅರಿಶಿನ, ಎಣ್ಣೆ ಮೆತ್ತಿದ ಚರ್ಮಕ್ಕೆ ಔಷಧಿ ತಾಗುವುದೇ ಇಲ್ಲ. ಹುಲಿಗೆಮ್ಮನ ದಾರ, ತಾಯತ ಇದ್ದರೆ ಮನೆಯ ಹಿರಿಯರ ಕೈಗೆ ಬಿಚ್ಚಿ ಕೊಡಿ. ಓಟಿ ಬಾಗಿಲಲ್ಲಿ ನಾವು ಕತ್ತರಿಸುವುದು ನಮಗೂ ಇಷ್ಟವಿಲ್ಲ.

ಹೊಕ್ಕುಳನ್ನು ಮರೆಯಬೇಡಿ. ಬೇಸಿಗೆಯಲ್ಲಿ ತಂಪು ಅಂತ ಹರಳೆಣ್ಣೆ ಬಿಡುವ ರೂಢಿ ನಮ್ಮಲ್ಲಿದೆ. ಆ ಎಣ್ಣೆಗೆ ಧೂಳು ಕೂಡಿ ಒಳಗೆ ಕಪ್ಪು ಗಟ್ಟಿಯಾಗಿರುತ್ತದೆ. ರೈಸ್ ಮಿಲ್‌ನಲ್ಲಿ ದುಡಿಯುವವರ ಹೊಕ್ಕುಳಲ್ಲಿ ಭತ್ತದ ತೌಡು ಸಿಕ್ಕಿದ್ದೂ ಉಂಟು. ಲ್ಯಾಪರೋಸ್ಕೋಪಿ ಆಪರೇಶನ್‌ನಲ್ಲಿ ದೂರ್ಬೀನು ಹೋಗುವುದು ಹೆಚ್ಚಾಗಿ ಅಲ್ಲಿಂದಲೇ. ಎರಡು ದಿನ ಮುಂಚಿನಿಂದ ಸ್ನಾನದಲ್ಲಿ ಸೋಪು ನೀರು, ಹತ್ತಿ ಹಚ್ಚಿ ಮೆಲ್ಲಗೆ ತೆಗೆಯಿರಿ. ಕೆರೆಯಬೇಡಿ.

ಬ್ಲೇಡ್ ಬೇಡವೇ ಬೇಡ. ಇದನ್ನು ಕೈಮುಗಿದು ಹೇಳುತ್ತೇನೆ. ಕೂದಲು ಇದ್ದರೆ ಡಾಕ್ಟರ್ ಬೈತಾರೆ ಅಂತ ಮನೆಯಲ್ಲೇ ಬೋಳಿಸಿಕೊಂಡು ಬರುತ್ತಾರೆ. ನಾನು ಕೆಲಸಕ್ಕೆ ಸೇರಿದಾಗ ನಮ್ಮಲ್ಲೂ ಹಿಂದಿನ ರಾತ್ರಿಯೇ ಬ್ಲೇಡಿನಲ್ಲಿ ಪಾರ್ಟ್ ಪ್ರಿಪರೇಶನ್ ಮಾಡುತ್ತಿದ್ದೆವು. ಬ್ಲೇಡು ಕಣ್ಣಿಗೆ ಕಾಣದ ಗೀರು ಮಾಡುತ್ತದೆ. ರಾತ್ರಿಯಿಡೀ ಆ ಗೀರಿನಲ್ಲಿ ಕೀಟಾಣು ಬೆಳೆಯುತ್ತವೆ. ಬೆಳಿಗ್ಗೆ ಎಂಥ ಔಷಧಿ ಹಚ್ಚಿದರೂ ಅಷ್ಟು ಒಳಗೆ ಮುಟ್ಟುವುದಿಲ್ಲ. ಕೂದಲು ಅಡ್ಡ ಬಂದರೆ ಮಾತ್ರ ಆಸ್ಪತ್ರೆಯಲ್ಲಿ ಟ್ರಿಮ್ಮರ್‌ನಿಂದ ತೆಗೆಯುತ್ತಾರೆ. ಇಲ್ಲದಿದ್ದರೆ ಕೂದಲು ಅಲ್ಲೇ ಇರಲಿ.

ಸಕ್ಕರೆ ಕಾಯಿಲೆ ಇದ್ದರೆ ಹಿಡಿತಕ್ಕೆ ತನ್ನಿ. ಬೀಡಿ, ಸಿಗರೇಟು ನಾಲ್ಕು ವಾರ ಮುಂಚೆ ನಿಲ್ಲಿಸಿ.

ಓಟಿಯಲ್ಲಿ: ಹೊಸ ತಂಗಿಯರಿಗೆ

ನಮ್ಮ ಚರ್ಮದ ಮೇಲೆ, ಕೂದಲಿನ ಬುಡದಲ್ಲಿ, ಬೆವರಿನ ಗ್ರಂಥಿಯಲ್ಲಿ ಸ್ಟೆಫೈಲೊಕಾಕಸ್‌ನಂಥ ಕೀಟಾಣು ಸದಾ ಇರುತ್ತವೆ. ಹೊರಗಿದ್ದರೆ ತೊಂದರೆ ಇಲ್ಲ. ಕೊಯ್ದ ದಾರಿಯಲ್ಲಿ ಒಳಗೆ ಇಳಿದರೆ ಕೀವು. 1865ರಲ್ಲಿ ಗ್ಲಾಸ್ಗೋದಲ್ಲಿ ಗಾಡಿಯ ಚಕ್ರ ಹರಿದು ಕಾಲು ಮುರಿದ 11 ವರ್ಷದ ಹುಡುಗನ ಗಾಯಕ್ಕೆ ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಸಿಡ್ ಅದ್ದಿದ ಬಟ್ಟೆ ಕಟ್ಟಿದರು. ಅಂಥ ಗಾಯಕ್ಕೆ ಆಗ ಕಾಲು ಕತ್ತರಿಸುತ್ತಿದ್ದರು. ಆ ಹುಡುಗನ ಕಾಲು ಉಳಿಯಿತು. ಬ್ಯಾಕ್ಟೀರಿಯಾ ಒಳಗೆ ಹೋಗದಂತೆ ತಡೆಯುವ ಅದೇ ಕೆಲಸವನ್ನು ನೀವು ದಿನಾ ಮಾಡುತ್ತಿದ್ದೀರಿ.

ಮೊದಲು ಚರ್ಮ ನೋಡಿ. ಮಣ್ಣು, ಪ್ಲಾಸ್ಟರಿನ ಅಂಟು, ಅರಿಶಿನ ಇದ್ದರೆ ಸೋಪಿನಿಂದ ತೊಳೆದು ಒರೆಸಿ. ನಾಟಿ ಮಾಡುವ ಹೆಂಗಸರ ಕಾಲು ಒಡೆದು ಆ ಸಂದಿಯಲ್ಲಿ ಕೆಸರು ಕೂತಿರುತ್ತದೆ. ಕಾಲಿನ ಆಪರೇಶನ್ ಆದರೆ ಇದಕ್ಕೆ ಹತ್ತು ನಿಮಿಷ ಹಿಡಿಯಲಿ, ಬೇಜಾರು ಮಾಡಿಕೊಳ್ಳಬೇಡಿ.

ಸ್ಪಂಜ್ ಹೋಲ್ಡರ್‌ನಲ್ಲಿ ಗಾಜ್ (ಜಾಳು ಬಟ್ಟೆ) ಹಿಡಿದು, ಕೊಯ್ಯುವ ಗೆರೆಯಿಂದ ಶುರು ಮಾಡಿ ಹೊರಗೆ ಹೋಗಿ. ಹೊರಗೆ ಮುಟ್ಟಿದ ಗಾಜ್ ಮತ್ತೆ ಒಳಗೆ ಬರಬಾರದು. ತೊಡೆಸಂದು, ಗುದದ್ವಾರ, ಕೀವಿನ ಗಾಯ ಇದ್ದರೆ ಅವು ಕೊನೆಗೆ. ಸ್ಪಿರಿಟ್ ಇರುವ ಕ್ಲೋರ್‌ಹೆಕ್ಸಿಡಿನ್ ಆದರೆ ಕೊಯ್ಯುವ ಜಾಗದ ಮೇಲೆ ಹಿಂದೆ ಮುಂದೆ 30 ಸೆಕೆಂಡ್ ತಿಕ್ಕಬೇಕು. ಬೆವರುವ ಸಂದಿಯಲ್ಲಿ 2 ನಿಮಿಷ. ಡ್ರೇನ್ (ಒಳಗಿನ ನೀರು, ರಕ್ತ ಹೊರಗೆ ಬರಲು ಇಡುವ ಕೊಳವೆ) ಹಾಕುವ ಜಾಗ, ಕೊಯ್ತ ಉದ್ದ ಆದರೆ ಬೇಕಾಗುವ ಜಾಗ ಎಲ್ಲ ಸೇರಿಸಿ ಅಗಲವಾಗಿ ಹಚ್ಚಿ.

ಈಗ ಕಾಯಿರಿ. ಸ್ಪಿರಿಟ್ ಇರುವುದು ಕಡಿಮೆ ಅಂದರೆ 3 ನಿಮಿಷ. ಕೂದಲು ಇರುವ ಕಡೆ ಒಂದು ಗಂಟೆವರೆಗೂ ಬೇಕಾಗಬಹುದು. ನೀರಿನ ಬೆಟಾಡಿನ್ ತಾನೇ ಒಣಗುವವರೆಗೆ. ಗಾಜ್‌ನಿಂದ ಒತ್ತಬೇಡಿ, ಬೀಸಬೇಡಿ.

ನಾನು ಇಲ್ಲೇ ತಪ್ಪು ಮಾಡಿದವಳು. ಬೆಟಾಡಿನ್ ಪೇಂಟ್ ಮಾಡಿ, ಅದು ಒದ್ದೆ ಇರುವಾಗಲೇ ಸ್ಪಿರಿಟ್ ಗಾಜ್‌ನಿಂದ ಒರೆಸಿ ತೆಗೆಯುತ್ತಿದ್ದೆ. ಕಲಿಸಿದವರು ಹಾಗೇ ಕಲಿಸಿದ್ದರು. ಹೊಟ್ಟೆ ಬೆಳ್ಳಗೆ ಕಂಡರೆ ಸರ್ಜನ್‌ಗೆ ಗೆರೆ ಚೆನ್ನಾಗಿ ಕಾಣುತ್ತದೆ ಅಂತ. ಕೆಲಸ ಮಾಡಬೇಕಾದ ಔಷಧಿಯನ್ನೇ ಒರೆಸುತ್ತಿದ್ದೇನೆ ಅಂತ ಎಷ್ಟೋ ವರ್ಷ ತಿಳಿಯಲಿಲ್ಲ. ಆಮೇಲೆ ಓಟಿ ಗೋಡೆ ಗಡಿಯಾರದ ಕೆಳಗೆ ನಿಂತು "ಡಾಕ್ಟ್ರೇ, ಇನ್ನೂ ಒಂದು ನಿಮಿಷ" ಅಂತ ಹೇಳುವುದನ್ನು ಕಲಿತೆ. ಮೊದಮೊದಲು ಸಿಟ್ಟಾದರು. ತಿಂಗಳು ಕಳೆಯುವುದರಲ್ಲಿ ಅವರೇ "ಟೈಮ್ ಆಯ್ತೇನಮ್ಮ?" ಅಂತ ಕೇಳತೊಡಗಿದರು.

ಒಣಗುವುದಕ್ಕೆ ಇನ್ನೊಂದು ಕಾರಣ ಬೆಂಕಿ. ಒದ್ದೆ ಸ್ಪಿರಿಟ್ ಮೇಲೆ ಕಾಟರಿಯ (ರಕ್ತ ನಿಲ್ಲಿಸಲು ಕರೆಂಟಿನಿಂದ ಸುಡುವ ಸಾಧನ) ಕಿಡಿ ಬಿದ್ದರೆ ಹತ್ತಿಕೊಳ್ಳುತ್ತದೆ. ಸ್ಪಿರಿಟ್‌ನ ಉರಿ ದೀಪದ ಬೆಳಕಿನಲ್ಲಿ ಕಣ್ಣಿಗೆ ಕಾಣುವುದೂ ಕಷ್ಟ. ಹೊಕ್ಕುಳಲ್ಲಿ ನಿಂತದ್ದು, ಸೊಂಟದ ಕೆಳಗೆ ಹರಿದದ್ದು, ಬೆಡ್‌ಶೀಟು ಹೀರಿದ್ದು, ಎಲ್ಲ ನೋಡಿ. ಒದ್ದೆ ಬಟ್ಟೆ ತೆಗೆದ ಮೇಲೆಯೇ ಡ್ರೇಪ್ (ರೋಗಿಯ ಮೈ ಮುಚ್ಚುವ ಬಟ್ಟೆ) ಹಾಕಿ. ಬೆಟಾಡಿನ್ ಬೆನ್ನಡಿಯಲ್ಲಿ ಗಂಟೆಗಟ್ಟಲೆ ನಿಂತರೆ ಚರ್ಮ ಸುಟ್ಟು ಕೆಂಪಾಗುತ್ತದೆ. ರೋಗಿಗೆ ಪ್ರಜ್ಞೆ ಇರುವುದಿಲ್ಲ, ಹೇಳುವವರು ಯಾರು?

ಎಲ್ಲಿ ಯಾವುದು ಹಚ್ಚಬಾರದು ಅನ್ನುವುದು ಬಾಯಿಪಾಠ ಇರಲಿ. ಕ್ಲೋರ್‌ಹೆಕ್ಸಿಡಿನ್ ಕಣ್ಣಿಗೆ ಬಿದ್ದರೆ ಕಾರ್ನಿಯಾ ಹಾಳು. ಕಿವಿಯ ಒಳಗೆ ಹೋದರೆ ಕೇಳಿಸುವುದೇ ಹೋಗಬಹುದು. ಮೆದುಳು, ಬೆನ್ನುಹುರಿಯ ಪೊರೆಗೆ ತಾಗಬಾರದು. ಕಣ್ಣಿನ ಪೊರೆ (ಕ್ಯಾಟರ್ಯಾಕ್ಟ್) ಆಪರೇಶನ್‌ಗೆ ಕಣ್ಣಿನಲ್ಲಿ ಹಾಕುವುದು ಶೇ. 5 ಪೊವಿಡೋನ್ ಅಯೋಡಿನ್. ಬಾಯಿ, ಯೋನಿಯಂಥ ಒದ್ದೆ ಜಾಗಕ್ಕೆ, ತೆರೆದ ಗಾಯಕ್ಕೆ ಸ್ಪಿರಿಟ್ ಬೇಡ, ಅಲ್ಲಿ ನೀರಿನ ಬೆಟಾಡಿನ್. ಹಸುಗೂಸುಗಳಿಗೆ ಅಯೋಡಿನ್ ಮೈಗೆ ಹೀರಿ ಥೈರಾಯ್ಡ್ ಕೆಡಿಸಬಹುದು. ದಿನ ತುಂಬುವ ಮೊದಲೇ ಹುಟ್ಟಿದ ಕೂಸಿನ ಚರ್ಮವನ್ನು ಸ್ಪಿರಿಟ್ ಇರುವ ಔಷಧಿ ಸುಡಬಹುದು. ಮಕ್ಕಳ ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಸೀಗಡಿ, ಮೀನು ತಿಂದರೆ ಅಲರ್ಜಿ ಅನ್ನುವವರಿಗೆ ಬೆಟಾಡಿನ್ ಆಗದು ಅಂತ ಒಂದು ನಂಬಿಕೆ ಇದೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಆದರೆ ಕ್ಲೋರ್‌ಹೆಕ್ಸಿಡಿನ್‌ಗೆ ಅಪರೂಪಕ್ಕೆ ಜೀವಕ್ಕೇ ಬರುವಂಥ ಅಲರ್ಜಿ ಆಗುತ್ತದೆ. ಹಿಂದೆ ಯಾವುದಾದರೂ ಆಪರೇಶನ್‌ನಲ್ಲಿ ಮೈ ದದ್ದು ಎದ್ದಿತ್ತಾ, ಉಸಿರು ಕಟ್ಟಿತ್ತಾ ಅಂತ ಕೇಳಿಕೊಳ್ಳಿ.

ಬಾಟಲಿಯ ಬಗ್ಗೆ ಒಂದು ಮಾತು. ನಾನು ಮೊದಲು ಕೆಲಸ ಮಾಡಿದ ಆಸ್ಪತ್ರೆಯಲ್ಲಿ ಸ್ಯಾವ್ಲಾನ್ ನೀರು ಬೆರೆಸಿ ಒಂದು ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ಇಡುತ್ತಿದ್ದೆವು. ಚಿಮಟಗಳೂ ಅದರಲ್ಲೇ. ಕಡಿಮೆಯಾದಂತೆ ಮೇಲೆ ಸುರಿಯುತ್ತಿದ್ದೆವು, ಪೂರ್ತಿ ಚೆಲ್ಲಿ ತೊಳೆದದ್ದು ಕಡಿಮೆ. ಒಂದು ಮಳೆಗಾಲದಲ್ಲಿ ನಾಲ್ವರಿಗೆ ಹೊಲಿಗೆಯಿಂದ ಹಸಿರು ಕೀವು ಬಂತು. ಆ ಸಿಹಿ ವಾಸನೆ ಇವತ್ತಿಗೂ ಮೂಗಿನಲ್ಲಿದೆ. ಸುಡೊಮೊನಾಸ್ ಅನ್ನುವ ಬ್ಯಾಕ್ಟೀರಿಯಾ. ಲ್ಯಾಬಿಗೆ ಕಳಿಸಿದಾಗ ಆ ಡಬ್ಬಿಯ ನೀರಿನಲ್ಲೂ ಅದೇ ಬೆಳೆಯಿತು. ಕೀಟಾಣು ಕೊಲ್ಲುವ ಔಷಧಿಯಲ್ಲೇ ಕೀಟಾಣು ಸಾಕಿದ್ದೆವು. ಅವರಲ್ಲಿ ಒಬ್ಬ ತಾಯಿ ಕೂಸನ್ನು ಬಿಟ್ಟು 40 ದಿನ ವಾರ್ಡಿನಲ್ಲಿದ್ದಳು. ಅಮೆರಿಕದಲ್ಲಿ 1980ರ ಆಸುಪಾಸಿನಲ್ಲಿ ತಯಾರಿಕೆಯ ಹಂತದಲ್ಲೇ ಪೊವಿಡೋನ್ ಅಯೋಡಿನ್‌ಗೆ ಬ್ಯಾಕ್ಟೀರಿಯಾ ಸೇರಿದ್ದೂ ದಾಖಲಾಗಿದೆ. ಅದಕ್ಕೇ ಸಣ್ಣ ಬಾಟಲಿ ತರಿಸಿ. ತೆರೆದ ದಿನಾಂಕ ಬರೆಯಿರಿ. ಬೌಲ್‌ನಲ್ಲಿ ಉಳಿದದ್ದನ್ನು ಬಾಟಲಿಗೆ ವಾಪಸ್ ಸುರಿಯಬೇಡಿ. ಬಾಟಲಿ ಖಾಲಿಯಾದರೆ ಎಸೆಯಿರಿ, ತುಂಬಿಸಬೇಡಿ. ನೀರು ಬೆರೆಸಬೇಡಿ. ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ ಬಾಟಲಿಗಳನ್ನು ಕಿಟಕಿ ಹತ್ತಿರ ಇಡಬೇಡಿ.

ಆ್ಯಂಟಿಬಯೋಟಿಕ್ ಇಂಜೆಕ್ಷನ್ ಕೊಯ್ಯುವ ಮುಂಚಿನ 2 ಗಂಟೆಯೊಳಗೆ ಬೀಳಬೇಕು. ಆಪರೇಶನ್ ಮುಗಿದ ಮೇಲೆ ದಿನಗಟ್ಟಲೆ ಕೊಟ್ಟ ಮಾತ್ರಕ್ಕೆ ಹೊಲಿಗೆ ಬೇಗ ಮಾಯುವುದಿಲ್ಲ.

ಮನೆಗೆ ಬಂದ ಮೇಲೆ

ಇಲ್ಲಿ ಜನ ಉಲ್ಟಾ ಮಾಡುತ್ತಾರೆ. ಆಪರೇಶನ್‌ಗೆ ಮುಂಚೆ ಚರ್ಮಕ್ಕೆ ಬೇಕಿದ್ದ ಔಷಧಿಯನ್ನು ಹೊಲಿಗೆ ಹಾಕಿದ ಮೇಲೆ ದಿನಾ ಹಚ್ಚುತ್ತಾರೆ. ಸ್ವಚ್ಛವಾಗಿ ಕೂಡಿಕೊಂಡ ಗಾಯಕ್ಕೆ ಏನೂ ಬೇಡ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಹೊಸದಾಗಿ ಬೆಳೆಯುವ ಚರ್ಮವನ್ನೇ ಸುಡುತ್ತವೆ. ಅರಿಶಿನ, ಕಾಫಿಪುಡಿ, ವಿಭೂತಿ ಹಾಕಬೇಡಿ. ಪೌಡರ್ ಉದುರಿಸಿದರೆ ಮೇಲೆ ಹೆಕ್ಕಳಿಕೆ ಕಟ್ಟಿ ಒಳಗಿನ ಕೀವು ಕಾಣುವುದಿಲ್ಲ.

ಮೊದಲ 48 ಗಂಟೆ ಡ್ರೆಸ್ಸಿಂಗ್ ಬಿಚ್ಚಬೇಡಿ. ಬೆವರಿನಿಂದ ನೆನೆದರೆ, ರಕ್ತ ಜಿನುಗಿದರೆ ಮಾತ್ರ ಬದಲಿಸಿ. ಬದಲಿಸುವವರು ಸೋಪಿನಿಂದ ಕೈ ತೊಳೆದಿರಬೇಕು. ಆಮೇಲೆ ಡಾಕ್ಟರ್ ಒಪ್ಪಿದರೆ ಸ್ನಾನ ಮಾಡಬಹುದು. ತಿಕ್ಕಬೇಡಿ, ಒಗೆದ ಬಟ್ಟೆಯಿಂದ ಒತ್ತಿ ಒಣಗಿಸಿ. ಕಾಲುವೆಯಲ್ಲಿ, ಹೊಳೆಯಲ್ಲಿ ಇಳಿಯಬೇಡಿ. ನಂಜು ಅಂತ ಬೇಳೆ, ಮೊಟ್ಟೆ ನಿಲ್ಲಿಸಬೇಡಿ. ಗಾಯ ಕೂಡಲು ಅದೇ ಬೇಕು. ಬರೀ ಗಂಜಿ ಕುಡಿಸಿದ ಬಾಣಂತಿಯರ ಹೊಲಿಗೆ ಬಿಟ್ಟುಕೊಂಡದ್ದನ್ನು ನೋಡಿ ನೋಡಿ ಹೇಳುತ್ತಿದ್ದೇನೆ.

ಗಾಯ ನಂಜಾಗುವುದು 30 ದಿನದೊಳಗೆ ಯಾವಾಗ ಬೇಕಾದರೂ ಆಗಬಹುದು. ಒಳಗೆ ರಾಡು, ಪ್ಲೇಟು, ಜಾಲರಿ ಹಾಕಿದ್ದರೆ 90 ದಿನದವರೆಗೂ ಕಣ್ಣಿಡಿ. ದಿನಾ ಒಂದೇ ಹೊತ್ತಿಗೆ, ಬಾಗಿಲ ಬೆಳಕಿನಲ್ಲಿ ಮೊಬೈಲಿನಲ್ಲಿ ಗಾಯದ ಫೋಟೊ ತೆಗೆಯಿರಿ. ಕೆಂಪು ನಿನ್ನೆಗಿಂತ ಅಗಲ ಆಯಿತಾ? ಮುಟ್ಟಿದರೆ ಬಿಸಿ ಇದೆಯಾ? ನೋವು ಕಡಿಮೆ ಆಗುತ್ತಿದ್ದದ್ದು ಮತ್ತೆ ಜಾಸ್ತಿ ಆಯಿತಾ? ಕೀವು, ವಾಸನೆ, ಚಳಿಜ್ವರ, ಹೊಲಿಗೆ ಬಿಟ್ಟುಕೊಳ್ಳುವುದು, ಇದರಲ್ಲಿ ಒಂದಾದರೂ ಇದ್ದರೆ ಅವತ್ತೇ ಆಪರೇಶನ್ ಆದ ಆಸ್ಪತ್ರೆಗೆ ಹೋಗಿ. ಡಿಸ್ಚಾರ್ಜ್ ಚೀಟಿ, ಫೋಟೊ ಇರುವ ಮೊಬೈಲ್ ಕೈಯಲ್ಲಿರಲಿ.

ತಂಗಿಯ ಗಂಡನ ಫೋಟೊ ನನಗೆ ಹತ್ತು ದಿನ ಬಂದವು. ಆರನೇ ದಿನ ಒಂದು ಹೊಲಿಗೆಯ ಸುತ್ತ ಸ್ವಲ್ಪ ಕೆಂಪು ಇತ್ತು. ಅವನು ಪ್ಯಾಂಟಿನ ಬೆಲ್ಟು ಬಿಗಿದುಕೊಂಡಿದ್ದ. ಲುಂಗಿ ಉಡಿಸು ಅಂದೆ. ಏಳನೇ ದಿನದ ಫೋಟೊದಲ್ಲಿ ಇಳಿದಿತ್ತು. ಹತ್ತನೇ ದಿನ ಹೊಲಿಗೆ ಬಿಚ್ಚಿದರು.